ಸಹಾಯಧನ: ಉತಾರಕ್ಕೋ, ಉಳುವವನಿಗೋ?

ಸರಕಾರದ ಬೊಕ್ಕಸದಿಂದ ರೈತನಿಗೆ ಸಲ್ಲುವ ಹಣವನ್ನು ಕುರಿತು ನಮ್ಮಲ್ಲಿ ನಡೆಯುವ ಚರ್ಚೆಯೆಲ್ಲ ಅದು ಎಷ್ಟು ಎಂಬ ಪ್ರಶ್ನೆಯ ಸುತ್ತಲೇ ಸುಳಿಯುತ್ತದೆ. ಯಾರಿಗೆ ಎಂದು ಕೇಳುವವರು ವಿರಳ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ತಾಲೂಕುಗಳ ಬೇಸಾಯವನ್ನು ನೋಡುತ್ತ ಬಂದ ನನಗೆ ಈ ಎರಡನೆಯ ಪ್ರಶ್ನೆಯೇ ಮುಖ್ಯವೆಂದು ತೋರುತ್ತದೆ.

ಪ್ರಧಾನಮಂತ್ರಿ ಕಿಸಾನ್ ಸಮ್ಮಾನ್ ನಿಧಿಯನ್ನೇ ತೆಗೆದುಕೊಳ್ಳೋಣ. 2019ರ ಫೆಬ್ರುವರಿಯಲ್ಲಿ ಆರಂಭವಾದ ಈ ಯೋಜನೆಯಂತೆ ವರ್ಷಕ್ಕೆ 6,000 ರೂಪಾಯಿ, ಮೂರು ಕಂತುಗಳಲ್ಲಿ, ನೇರವಾಗಿ ಬ್ಯಾಂಕಿನ ಖಾತೆಗೆ ಜಮೆಯಾಗುತ್ತದೆ. ಇದಕ್ಕೆ ರಾಜ್ಯ ಸರಕಾರ ಕೂಡಿಸುತ್ತಿದ್ದ 4,000 ರೂಪಾಯಿ 2023ರಲ್ಲಿ ನಿಂತುಹೋಯಿತು. ಮಧ್ಯವರ್ತಿಯ ಕೈಸೇರದೆ ಹಣ ತಲುಪುವುದು ಈ ವ್ಯವಸ್ಥೆಯ ದೊಡ್ಡ ಗುಣವೆಂಬುದನ್ನು ಅಲ್ಲಗಳೆಯಲಾಗದು. ಆದರೆ ಆ ಹಣಕ್ಕಿರುವ ದಾರಿ ಒಂದೇ: ಪಹಣಿ, ಈ ಕಡೆಯ ಮಾತಿನಲ್ಲಿ ಉತಾರ. ಉತಾರದಲ್ಲಿ ಯಾರ ಹೆಸರಿದೆಯೋ ಸರಕಾರದ ಕಣ್ಣಿಗೆ ಅವನೇ ರೈತ.

ಹೊಲದಲ್ಲಿ ಕಾಣುವ ಚಿತ್ರ ಹಲವು ಕಡೆ ಬೇರೆ. ಒಡೆಯ ಊರು ಬಿಟ್ಟು ಪಟ್ಟಣ ಸೇರಿದ್ದಾನೆ. ಹೊಲವನ್ನು ಲಾವಣಿಗೆ, ಎಂದರೆ ಗೇಣಿಗೆ, ಹಿಡಿದವನೋ ಪಾಲಿಗೆ ಮಾಡುವವನೋ ಕಬ್ಬು ಬೆಳೆಯುತ್ತಾನೆ. ಬೀಜ, ಗೊಬ್ಬರ, ಆಳಿನ ಕೂಲಿಯ ಚಿಂತೆ ಅವನದು. 2019ರ ಆಗಸ್ಟಿನಲ್ಲಾದಂತೆ ಕೃಷ್ಣೆ, ಘಟಪ್ರಭೆಗಳು ದಂಡೆ ಮೀರಿದರೆ ನಷ್ಟವೂ ಅವನದು. ಬೆಳೆನಷ್ಟದ ಪರಿಹಾರ ಮಾತ್ರ ಉತಾರದ ಹೆಸರನ್ನೇ ಹುಡುಕಿಕೊಂಡು ಹೋಗುತ್ತದೆ. ಸಹಕಾರಿ ಸಂಘದ ಬಡ್ಡಿಯಿಲ್ಲದ ಬೆಳೆಸಾಲಕ್ಕೂ ಉತಾರ ಬೇಕು. ಅದಿಲ್ಲದವನು ಖಾಸಗಿ ಸಾಲಕ್ಕೆ ಬಡ್ಡಿ ತೆರಬೇಕು.

ಈ ವೈಪರೀತ್ಯದ ಮೂಲ ನಮ್ಮ ಒಂದು ಸದಾಶಯದಲ್ಲಿಯೇ ಇದೆ. 1961ರ ಭೂಸುಧಾರಣಾ ಕಾನೂನಿಗೆ ದೇವರಾಜ ಅರಸರ ಕಾಲದಲ್ಲಿ, 1974ರಲ್ಲಿ, ಜಾರಿಗೆ ಬಂದ ತಿದ್ದುಪಡಿ ಗೇಣಿಯನ್ನೇ ರದ್ದುಗೊಳಿಸಿತು. ಲಕ್ಷಾಂತರ ಗೇಣಿದಾರರು ಅದರಿಂದ ಒಡೆಯರಾದರು. ಆದರೆ ಗೇಣಿ ಕಾಗದದಿಂದ ಹೋಯಿತೇ ಹೊರತು ಹೊಲದಿಂದ ಹೋಗಲಿಲ್ಲ. ಪತ್ರ ಬರೆದುಕೊಟ್ಟರೆ ಹೊಲವೇ ಕೈಬಿಟ್ಟೀತೆಂದು ಒಡೆಯ ಅಂಜುತ್ತಾನೆ; ಪತ್ರ ಕೇಳಿದರೆ ಬರುವ ವರ್ಷ ಹೊಲ ಇನ್ನೊಬ್ಬನ ಪಾಲಾದೀತೆಂದು ಹಿಡಿದವನು ಅಂಜುತ್ತಾನೆ. ಹೀಗೆ ಉಳುವವನಿಗಾಗಿ ಹುಟ್ಟಿದ ಕಾನೂನಿನ ನೆರಳಿನಲ್ಲಿಯೇ ಇಂದಿನ ಉಳುವವನು ಹೆಸರಿಲ್ಲದವನಾಗಿದ್ದಾನೆ.

ಲಾವಣಿಗೆ ಕೊಟ್ಟವರೆಲ್ಲ ಸಿರಿವಂತರೆಂದು ವಾಚಕರು ಭಾವಿಸಬೇಕಾಗಿಲ್ಲ. ಗಂಡನನ್ನು ಕಳೆದುಕೊಂಡು ಎರಡೆಕರೆಯನ್ನು ಪಾಲಿಗೆ ಕೊಟ್ಟು ಬದುಕುವ ಹೆಣ್ಣುಮಗಳೂ ಅವರಲ್ಲಿದ್ದಾಳೆ. ಅವಳ 6,000 ರೂಪಾಯಿಯನ್ನು ಕಸಿಯಬೇಕೆಂಬುದು ನನ್ನ ವಾದವಲ್ಲ. ಉಳುವವನೂ ಲೆಕ್ಕಕ್ಕೆ ಬರಲಿ ಎಂದಷ್ಟೇ ನನ್ನ ಕೇಳಿಕೆ.

ಅವನನ್ನು ಗುರುತಿಸುವುದು ಅಸಾಧ್ಯವೆನ್ನುವವರು ನೇಕಾರರ ಊರುಗಳಾದ ರಬಕವಿ-ಬನಹಟ್ಟಿಯ ಕಡೆ ನೋಡಬಹುದು. 2020ರಲ್ಲಿ ರಾಜ್ಯ ಸರಕಾರ ಆರಂಭಿಸಿದ ನೇಕಾರ ಸಮ್ಮಾನ್ ಯೋಜನೆ ಕೈಮಗ್ಗದ ನೇಕಾರನನ್ನು ಗಣತಿಯ ಮೂಲಕ ಗುರುತಿಸಿತು; ದುಡಿಯುವ ಕೈಗೆ ವರ್ಷಕ್ಕೆ 2,000 ರೂಪಾಯಿ ಕೊಡಲು ಅದಕ್ಕೆ ಉತಾರ ಬೇಕಾಗಲಿಲ್ಲ. ಆಂಧ್ರಪ್ರದೇಶವು 2019ರಲ್ಲಿ ಸಾಗುವಳಿದಾರರಿಗಾಗಿ ಮಾಡಿದ ಕಾನೂನು ಹನ್ನೊಂದು ತಿಂಗಳ ಒಪ್ಪಂದಕ್ಕೆ ಅವಕಾಶವಿತ್ತು, ಒಡೆತನಕ್ಕೆ ಧಕ್ಕೆಯಿಲ್ಲವೆಂಬ ಅಭಯವನ್ನೂ ನೀಡಿತು. ಆದರೂ ಒಡೆಯನ ಸಹಿ ಬೇಕೆಂದಿದ್ದರಿಂದ ಅಲ್ಲಿಯೂ ಹಲವರು ಹೊರಗುಳಿದರು. ನಾವು ಆ ಕಾನೂನಿನ ಅಭಯವನ್ನು ಉಳಿಸಿಕೊಂಡು, ಸಹಿಯ ಜಾಗದಲ್ಲಿ ಗ್ರಾಮಸಭೆಯ ಸಾಕ್ಷ್ಯವನ್ನು ಇರಿಸಬಹುದು. ಯಾವ ಹೊಲವನ್ನು ಯಾರು ಮಾಡುತ್ತಾರೆಂಬುದು ಊರಿಗೆ ತಿಳಿಯದ ಗುಟ್ಟೇನೂ ಅಲ್ಲ.

1989ರಲ್ಲಿ ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಅಡ್ಡಲಾಗಿ ತಾವೇ ಹಣ ಕೂಡಿಸಿ, ಮೈಮುರಿದು ದುಡಿದು ಬ್ಯಾರೇಜು ಕಟ್ಟಿದ ಜನ ಇವರು. ದಾನಕ್ಕೆ ಕೈಯೊಡ್ಡಿ ಅಭ್ಯಾಸವಿಲ್ಲದ ಇಂಥವರ ನಡುವೆ, ಪ್ರತಿ ಹಂಗಾಮಿನಲ್ಲೂ ಉಳುವವರ ಹೆಸರನ್ನು ಬರೆದುಕೊಳ್ಳುವ ಒಂದು ಪುಸ್ತಕ ಪಂಚಾಯಿತಿಯಲ್ಲಿ ತೆರೆಯಲಿ. ಅಲ್ಲಿಯವರೆಗೆ, ಇಷ್ಟು ಲಕ್ಷ ರೈತರಿಗೆ ಹಣ ಸಂದಿತು ಎಂಬ ಪ್ರಕಟಣೆಯನ್ನು ಇಷ್ಟು ಲಕ್ಷ ಉತಾರಗಳಿಗೆ ಸಂದಿತು ಎಂದು ಓದಿಕೊಳ್ಳುವುದೇ ಸರಿ.