ಬೆರಳು ಒತ್ತುವ ಮುನ್ನ



ನಮ್ಮ ಹಿರಿಯರು ಚೆಕ್‌ರೋಲಿಗೆ ಹೆಬ್ಬೆಟ್ಟು ಒತ್ತಿ ಸಂಬಳ ಪಡೆದವರು. ಬರೆದಿರುವುದು ಎಷ್ಟು, ಕೈಗೆ ಬಂದದ್ದು ಎಷ್ಟು ಎಂದು ತಿಳಿಯದೆ ಮೋಸಹೋದವರೂ ಉಂಟು. ಆದುದರಿಂದಲೇ ಮಕ್ಕಳಿಗೆ ಸಹಿ ಕಲಿಸಿದೆವು. ಈಗ ಸಹಿ ಬಲ್ಲ ನಾವೂ ಮತ್ತೆ ಹೆಬ್ಬೆಟ್ಟಿಗೇ ಬಂದು ನಿಂತಿದ್ದೇವೆ.

ಆಧಾರ್ ಮೂಲಕ ಹಣ ತೆಗೆಯಲು ಕಾರ್ಡು ಬೇಡ, ಗುಪ್ತ ಸಂಖ್ಯೆ ಬೇಡ. ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳು, ಇಷ್ಟೇ ಸಾಕು. ಒಂದು ದಿನದ ಕೂಲಿ ಬಿಟ್ಟು ಬಸ್ಸು ಹತ್ತಬೇಕಾಗಿಲ್ಲ, ಇದು ಉಪಕಾರವೇ. ಆದರೆ ನಮಗೆ ಸುಲಭವಾದದ್ದು ಕಳ್ಳನಿಗೂ ಸುಲಭ. 2023ರಲ್ಲಿ ಮಂಗಳೂರು ಕಡೆಯಲ್ಲಿ ಆಸ್ತಿ ನೋಂದಣಿ ಮಾಡಿಸಿದ್ದ ಹಲವರ ಖಾತೆಗಳಿಂದ ಹೀಗೆ ಹಣ ಹೋಯಿತು. ನೋಂದಣಿ ಪತ್ರದ ಬೆರಳಚ್ಚನ್ನು ನಕಲು ಮಾಡಿ ತೆಗೆದರೆಂದು ಪೊಲೀಸರು ಹೇಳಿದರು. ಒತ್ತಿದ್ದು ಜೀವಂತ ಬೆರಳೇ ಎಂದು ನೋಡುವ ಹೊಸ ಪರೀಕ್ಷೆಯನ್ನು ಆಧಾರ್ ಸಂಸ್ಥೆ ಅದೇ ವರ್ಷ ತಂದಿತು. ಆದರೂ ಗುಪ್ತ ಸಂಖ್ಯೆ ಕಳವಾದರೆ ಬದಲಾಯಿಸಬಹುದು. ಬೆರಳನ್ನು ಬದಲಾಯಿಸುವುದು ಹೇಗೆ?

ಇನ್ನೊಂದು ಮೋಸಕ್ಕೆ ನಕಲು ಬೆರಳೂ ಬೇಡ. ಎಲೆ ಕೊಯ್ದು ಸವೆದ ನಮ್ಮ ಬೆರಳನ್ನು ಯಂತ್ರ ಬೇಗ ಗುರುತಿಸುವುದಿಲ್ಲ. “ಆಗಲಿಲ್ಲ ಅಕ್ಕಾ, ಇನ್ನೊಂದ್ಸಲ ಒತ್ತಿ” ಎಂದರೆ ನಂಬಿ ಒತ್ತುತ್ತೇವೆ. ಮೊದಲ ಸಲವೇ ಹಣ ಹೋಗಿರಬಹುದು. ಮೆಸೇಜು ಬರುವುದು ತಿರುಪ್ಪೂರಿನಲ್ಲಿರುವ ಮಗನ ಫೋನಿಗೆ, ಅದೂ ಇಂಗ್ಲಿಷಿನಲ್ಲಿ.

ಇದಕ್ಕೆಲ್ಲ ಬಡವರ ಅಜ್ಞಾನವೇ ಕಾರಣವೆಂಬ ಮಾತನ್ನು ನಾವು ಒಪ್ಪುವುದಿಲ್ಲ. ಬೀಗವನ್ನು ಮಾಡಿದವರು ನಾವಲ್ಲ. ಹೊರಗಿನವರು ಮಾಡಿದ ಮೋಸದಲ್ಲಿ ಗ್ರಾಹಕನ ತಪ್ಪಿಲ್ಲದಿದ್ದು, ಬ್ಯಾಂಕಿನಿಂದ ತಿಳಿವಳಿಕೆ ಬಂದ 3 ಕೆಲಸದ ದಿನಗಳೊಳಗೆ ದೂರಿದರೆ ನಷ್ಟ ಅವನದಲ್ಲವೆಂದು ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆ ಹೇಳಿತು. ತಪ್ಪು ಗ್ರಾಹಕನದೆಂದು ತೋರಿಸುವ ಹೊಣೆಯನ್ನೂ ಬ್ಯಾಂಕಿನ ಮೇಲೆಯೇ ಹೊರಿಸಿತು. ಆದರೆ ನಾವೇನು ಮಾಡುತ್ತೇವೆ? ನೆರೆಮನೆಯವರು ನಕ್ಕಾರೆಂದು ವಾರಗಟ್ಟಲೆ ಬಾಯಿ ಮುಚ್ಚಿಕೊಂಡಿರುತ್ತೇವೆ. ಕದ್ದವನಿಗಿಲ್ಲದ ನಾಚಿಕೆ ಕಳೆದುಕೊಂಡವರಿಗೆ ಏಕೆ?

ಹಣ ಹೋದದ್ದು ತಿಳಿದೊಡನೆ 1930ಕ್ಕೆ ಫೋನು ಮಾಡಿ, ಬ್ಯಾಂಕಿಗೆ ಬರೆದು ಕೊಡಿ. ಬೆರಳು ಒತ್ತಿದಾಗಲೆಲ್ಲ, “ಆಗಲಿಲ್ಲ” ಎಂದರೂ, ರಸೀತಿ ಕೇಳಿ. ಪಾಸ್‌ಬುಕ್ಕನ್ನು ತಿಂಗಳಿಗೊಮ್ಮೆ ಅಚ್ಚು ಹಾಕಿಸಿ. ಆಧಾರ್ ಸಂಸ್ಥೆಯ ಜಾಲತಾಣದಲ್ಲಿ ಬೆರಳಚ್ಚಿಗೆ ಬೀಗ ಹಾಕಬಹುದು. ಆದರೆ ರೇಷನ್ ತರುವ ದಿನ ಅದನ್ನು ತೆಗೆಯಬೇಕು, ಇಲ್ಲವಾದರೆ ಅಕ್ಕಿ ಸಿಗದು.

ಇದನ್ನು ವಯಸ್ಸಾದವರು ಒಬ್ಬರೇ ಮಾಡಲಾರರು. ಆದುದರಿಂದ ಪ್ರತಿಯೊಂದು ಲೈನಿನಲ್ಲಿಯೂ ಓದುಬಲ್ಲ ಒಬ್ಬ ಹುಡುಗನೋ ಹುಡುಗಿಯೋ ಈ ಕೆಲಸಕ್ಕೆ ನಿಲ್ಲಲಿ. ರಸೀತಿ ಕೊಡದ ಏಜೆಂಟರ ವಿಷಯವನ್ನು ಸಂಘ ಬ್ಯಾಂಕಿನ ಮುಂದಿಡಲಿ. ಮೆಸೇಜು ನಮ್ಮ ಭಾಷೆಯಲ್ಲಿ ಬರಲೆಂದೂ ಕೇಳಲಿ. ತೂಕದಲ್ಲಿ ಒಂದು ಕಿಲೋ ಕಡಿಮೆಯಾದರೆ ಒಟ್ಟಾಗಿ ಕೇಳುವ ನಾವು, ತಿಂಗಳ ಸಂಬಳವೇ ಮಾಯವಾದಾಗ ಒಬ್ಬೊಬ್ಬರೇ ಅಳಬೇಕೇ?