ಭೂಮಿ ನಡುಗಿತು ಅಂದ್ರೆ ಏನ್ರೀ?

ಅಭಿಮಾನಿ ಗೆಳೆಯರೇ, ಈ ವಾರ ಗಾಸಿಪ್‌ಗೆ ರಜಾ! ವ್ಯಾಕರಣದ ಪಾಠ. ಅಯ್ಯೋ, ಪುಟ ತಿರುಗಿಸಬೇಡಿ... ನನ್ನ ಕೈಲಿ ಬೆತ್ತವಿಲ್ಲ, ಉದಾಹರಣೆಗಳೆಲ್ಲ ಸಿನಿಮಾದವೇ!

ಮೊನ್ನೆ ರಾಬರ್ಟ್‌ಸನ್‌ಪೇಟೆ ಬಸ್ ಸ್ಟ್ಯಾಂಡಿನಲ್ಲಿ ಬಂಗಾರಪೇಟೆ ಬಸ್ಸಿಗೆ ಕಾಯುತ್ತಿದ್ದೆ. ಟೀ ಅಂಗಡಿ ಮುಂದೆ ಮೂವರು ಹುಡುಗರು. 2018ರ 'ಕೆ.ಜಿ.ಎಫ್.' ಚಿತ್ರದ ಬಗ್ಗೆ ಜೋರು ಚರ್ಚೆ.

"ಹೀರೋ ಹುಲಿ ಥರಾ ನಡೀತಾನೆ ಕಣೋ!"

"ಥರಾ ಏನ್ ಬಂತು? ಅವನು ಹುಲೀನೇ!"

"ಅವನು ಕಾಲಿಟ್ರೆ ಭೂಮಿ ನಡುಗುತ್ತೆ!"

ನನಗೆ ತಡೆಯಲಾಗಲಿಲ್ಲ. ಪಾಪ, ಮೂವರೂ ತಮಗೇ ಗೊತ್ತಿಲ್ಲದೆ ಮೂರು ಅಲಂಕಾರ ಹೇಳಿಬಿಟ್ಟಿದ್ದರು! ಮಧ್ಯೆ ಬಾಯಿ ಹಾಕಿದೆ.

'ಹಾಗೆ', 'ಅಂತೆ', 'ಥರಾ' ಇದ್ದರೆ ಉಪಮೆ. ಆ ಕೊಂಡಿ ಕಿತ್ತೆಸೆದು 'ಇದೇ ಅದು' ಅಂದರೆ ರೂಪಕ. ಎಲ್ಲೆ ಮೀರಿ ಉಬ್ಬಿಸಿದರೆ ಅತಿಶಯೋಕ್ತಿ. 'ಚಂದ್ರನೇ ಇಳಿದು ಬಂದನೇನೋ' ಅಂತ ಊಹೆ ಕಟ್ಟಿದರೆ ಉತ್ಪ್ರೇಕ್ಷೆ. 1972ರ 'ಬಂಗಾರದ ಮನುಷ್ಯ' ನೋಡಿ. ಕೊನೆಗೆ ಎಲ್ಲವನ್ನೂ ಬಿಟ್ಟು ಹೊರಟುಹೋಗುವ ಅಣ್ಣಾವ್ರ ರಾಜೀವನ ಹತ್ತಿರ ಗುಲಗಂಜಿ ತೂಕದ ಬಂಗಾರವೂ ಇಲ್ಲ. ಬಂಗಾರ ಇರೋದು ಗುಣದಲ್ಲಿ. ರೂಪಕ! 1973ರ 'ಗಂಧದ ಗುಡಿ'ಯಲ್ಲಿ ಗುಡಿ ಅಂದರೆ ನಾಡು, ಕಾಡು. ಅದೂ ರೂಪಕವೇ.

"ಗುರುತು ಹಿಡಿಯೋದು ಸುಲಭ ಕಣ್ರೋ" ಅಂದೆ, ಎದೆಯುಬ್ಬಿಸಿ. "ಮಾತನ್ನ ಇದ್ದ ಹಾಗೇ ನಂಬಿ ನೋಡಿ. ನಂಬೋಕಾಗದಿದ್ರೆ ಅಲಂಕಾರ. ಭೂಮಿ ಎಲ್ಲಾದ್ರೂ ನಡುಗುತ್ತಾ?"

"ಇಲ್ಲಿ ನಡುಗ್ತಿತ್ತು ಸಾರ್."

ತಿರುಗಿ ನೋಡಿದೆ. ಬೆಂಚಿನ ತುದಿಯಲ್ಲಿ ಒಬ್ಬ ತಾತ. ಗಣಿಯಲ್ಲಿ ಕೆಲಸ ಮಾಡಿ ರಿಟೈರ್ ಆದವರು.

"ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರ್‌ಗಿಂತ ಆಳ. ಕಲ್ಲು ಕೊರೆದು ತೆಗೀತಾ ಹೋದ್ರೆ ಉಳಿದ ಬಂಡೆ ಮೇಲೆ ಭಾರ ಬೀಳುತ್ತೆ. ತಡೀಲಾರದೆ ಒಂದಿನ ಬಾಂಬ್ ಹಾಗೆ ಸಿಡಿಯುತ್ತೆ. ರಾಕ್ ಬರ್ಸ್ಟ್ ಅಂತೀವಿ. ಮೇಲೆ ಮನೇಲಿ ಪಾತ್ರೆ ಗಲಗಲ ಅಂದ್ರೆ ಸಾಕು, ಹೆಂಗಸರು ಒಲೆ ಬಿಟ್ಟು ಶಾಫ್ಟ್ ಹತ್ರ ಓಡೋರು. ಯಾರ ಮನೆಯವನೋ ಅಂತ..."

ಟೀ ಲೋಟ ಕೆಳಗಿಟ್ಟರು. "ಒಂದ್ಸಲ ನಮ್ಮಣ್ಣ ಕೆಳಗಿದ್ದ."

ಅಷ್ಟೇ. ಮುಂದೆ ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಶಿಳ್ಳೆ ಹಾಕುತ್ತಿದ್ದ ಹುಡುಗ ತಲೆ ತಗ್ಗಿಸಿದ. ಎದೆಯುಬ್ಬಿಸಿದ್ದ ಈ ಪಂಡಿತನೂ!

ಗೆಳೆಯರೇ, ನನ್ನ ಪಾಠದಲ್ಲಿ ಒಂದು ಸಾಲು ಬಿಟ್ಟುಹೋಗಿತ್ತು. ಮಾತು ಯಾವುದು ಅಂತ ನೋಡಿದರೆ ಸಾಲದು, ಯಾರು, ಎಲ್ಲಿ ನಿಂತು ಆಡಿದರು ಅನ್ನೋದನ್ನೂ ನೋಡಬೇಕು. ಥಿಯೇಟರಿನಲ್ಲಿ ಅತಿಶಯೋಕ್ತಿಯಾದ ಮಾತು ಆ ತಾತನ ಬಾಯಲ್ಲಿ ಬರೀ ವರದಿ. ಅವರು ಹೇಳಿದ್ದರಲ್ಲಿ ಅಲಂಕಾರ ಇದ್ದದ್ದು ಒಂದೇ ಕಡೆ, 'ಬಾಂಬ್ ಹಾಗೆ'!

ಗಣಿ 2001ರಲ್ಲಿ ಮುಚ್ಚಿತು. ಊರನ್ನು ಇವತ್ತಿಗೂ 'ಚಿನ್ನದ ಊರು' ಅಂತಾರೆ. ಅದು ರೂಪಕವೋ, ನಿಜವೋ? ಬಸ್ಸಿನಲ್ಲಿ ಕೂತು ಬಂಗಾರಪೇಟೆವರೆಗೂ ಯೋಚಿಸಿದೆ.

ಇನ್ನು ನಿಮ್ಮ ಸರದಿ. ಬೇರೆಯವರಿಗೆ ಡೈಲಾಗ್, ನಿಮ್ಮೂರಿಗೆ ಮಾತ್ರ ನಿಜ... ಅಂಥ ಮಾತೊಂದಿದ್ದರೆ ಕಾರ್ಡಿನಲ್ಲಿ ಬರೆದು ಹಾಕಿ. ಮುಂದಿನ ವಾರ ಸಿಗೋಣ!