ಕಲ್ಲು ನುಡಿಯದ ನಾಡಿನಲ್ಲಿ ಮರದ ಹೆಸರು

ಹಿಮಾಲಯದಲ್ಲಿ ಬೆಳೆಯುವ ಹಾರ್ನ್‌ಬೀಮ್ ವೃಕ್ಷಕ್ಕೆ ಅಳಿದುಹೋದ ಬಂಧುವೊಂದುಂಟು. ಸುಮಾರು 6 ಕೋಟಿ ವರ್ಷಗಳ ಹಿಂದಿನ ಅದರ ಕಾಯಿಗಳು ದಕ್ಷಿಣ ಇಂಗ್ಲೆಂಡಿನ ಶಿಲಾಪದರಗಳಲ್ಲಿ ದೊರೆಯಲು, ಪೀಟರ್ ಕ್ರೇನ್ ಎಂಬ ವಿದ್ವಾಂಸರು 1981ರಲ್ಲಿ ಅದನ್ನು ಪೇಲಿಯೊಕಾರ್ಪೈನಸ್ ಎಂದು ಹೆಸರಿಸಿದರು. ಮುಂದೆ ಅಮೆರಿಕ, ಚೀನಾಗಳಲ್ಲಿಯೂ ಅದರ ಕುರುಹು ದೊರೆಯಿತು. ಮರವಳಿದರೂ ಕಲ್ಲು ಸಾಕ್ಷಿ ನುಡಿಯಿತು.

ನಮ್ಮ ಮಂಡ್ಯ ಸೀಮೆಯಲ್ಲಿ ಅಂತಹ ಸಾಕ್ಷಿಯನ್ನು ಅರಸುವುದು ವ್ಯರ್ಥ. ಇಲ್ಲಿಯ ನೈಸ್ ಶಿಲೆಗಳು 250 ಕೋಟಿ ವರ್ಷಗಳಿಗೂ ಹಿಂದಿನವು. ಭೂಮಿಯ ಮೇಲೆ ಮರಗಳು ತಲೆಯೆತ್ತಿದುದು ಸುಮಾರು 38 ಕೋಟಿ ವರ್ಷಗಳ ಹಿಂದೆ. ಮರಕ್ಕಿಂತ ಮೊದಲೇ ಹುಟ್ಟಿದ ಕಲ್ಲು ಮರದ ಕಥೆಯನ್ನು ಹೇಗೆ ಹೇಳೀತು?

ಆದುದರಿಂದ ಇಲ್ಲಿ ಮರಕ್ಕೆ ಮನುಷ್ಯನ ನೆನಪೇ ಶಾಸನ. ಆ ಶಾಸನವೂ ಸವೆಯುತ್ತಿದೆ. ಪದ್ಯದಲ್ಲಿ ಇಪ್ಪೆ, ಮತ್ತಿ, ಕಮರ ಬಂದಾಗ ‘ಒಂದು ಜಾತಿಯ ಮರ’ ಎಂದು ಅರ್ಥ ಹೇಳಿ ಮುಂದೆ ಸಾಗಿದ ದೋಷ ನನ್ನದೂ ಹೌದು. ಹೆಸರರಿಯದ ಮರವನ್ನು ಕಡಿಯುವಾಗ ಕೈ ನಡುಗದು.

ಒಂದನ್ನು ಕಡಿದರೆ ಹತ್ತು ಸಸಿ ನೆಟ್ಟರಾಯಿತೆನ್ನುವವರುಂಟು. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರನ್ನು ಅವರು ನೋಡಲಿ. ಅಲ್ಲಿ ಹೆಜ್ಜಾರ್ಲೆಗಳು ಗೂಡು ಕಟ್ಟುವುದು ಊರಿನ ಹಳೆಯ ಹುಣಿಸೆ, ಅರಳಿಗಳಲ್ಲಿ. ಅವನ್ನು ಕಾಯ್ದವರು ರೈತರು. 2007ರಲ್ಲಿ ಆ ಊರು ಸಮುದಾಯ ಮೀಸಲು ಪ್ರದೇಶವೆನಿಸಿತು. ನೆಟ್ಟ ಸಸಿಗೆ ಗೂಡು ಹೊರುವ ಕೊಂಬೆ ಮೂಡಲು ದಶಕಗಳೇ ಬೇಕು.

ವಿದ್ಯಾರ್ಥಿಗಳೇ, ಮಳವಳ್ಳಿಯಾಗಲಿ ಮದ್ದೂರಾಗಲಿ, ನಿಮ್ಮೂರಿನ ಮರಗಳ ಕನ್ನಡ ಹೆಸರುಗಳನ್ನು ಹಿರಿಯರಿಂದ ಕೇಳಿ ಬರೆದಿಡಿರಿ. ಪ್ರತಿಯೊಂದನ್ನೂ ಮುಟ್ಟಿ ಗುರುತಿಸಿರಿ. ನಿಮ್ಮೊಡನೆ ನಾನೂ ಕಲಿಯುತ್ತೇನೆ.